10 ವರ್ಷಕ್ಕೆ 3 ಅಡಿ

ನರ್ಸರಿಗೆ ಹೋಗಿ ಗಿಡ್ಡ ಕಾನಿಫರ್ (ಪೈನ್, ಸ್ಪ್ರೂಸ್, ಜೂನಿಪರ್ ಥರದ, ಸೂಜಿಯಂಥ ಇಲ್ಲವೇ ಚಿಪ್ಪಿನಂಥ ಎಲೆಯ ಗಿಡ) ಕೊಳ್ಳುವಾಗ ಕುಂಡಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಟಿಯನ್ನು ಪೂರ್ತಿ ಓದಬೇಕು. ಎತ್ತರ 3 ಅಡಿ, ಅಗಲ 3 ಅಡಿ ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಅದರ ಪಕ್ಕದಲ್ಲೋ ಕೆಳಗೋ ಸಣ್ಣದಾಗಿ, 10 ವರ್ಷಕ್ಕೆ ಅಂತ ಇರುತ್ತದೆ. ಜಾಸ್ತಿ ಜನ ಆ ಸಣ್ಣ ಅಕ್ಷರವನ್ನು ಓದುವುದೇ ಇಲ್ಲ. ಓದಿದವರೂ 10 ವರ್ಷಕ್ಕೆ ಗಿಡ ಬೆಳೆದು ಮುಗಿಯುತ್ತದೆ ಅಂದುಕೊಳ್ಳುತ್ತಾರೆ. ಕಾನಿಫರ್ ಜಾತಿಯಲ್ಲಿ ಬೆಳೆದು ಮುಗಿಯುವುದು ಅಂತ ಇಲ್ಲ. ಜೀವ ಇರುವಷ್ಟು ಕಾಲ ಅದು ಪ್ರತಿ ವರ್ಷ ಒಂದಿಷ್ಟು ಬೆಳೆಯುತ್ತಲೇ ಇರುತ್ತದೆ. ಗಿಡ್ಡ ತಳಿಯಲ್ಲಿ ಆ ಒಂದಿಷ್ಟು ಬಹಳ ಕಡಿಮೆ, ಅಷ್ಟೇ. 10ನೇ ವರ್ಷಕ್ಕೆ 3 ಅಡಿ ಇದ್ದದ್ದು 20ನೇ ವರ್ಷಕ್ಕೆ 6 ಅಡಿ ಆಗಬಹುದು, 30ನೇ ವರ್ಷಕ್ಕೆ ಕಿಟಕಿ ಮುಚ್ಚಬಹುದು. ಮನೆ ಕೈತೋಟಕ್ಕೆ ಈ ಗಿಡ ತರಬೇಕು ಅಂತಿರುವವರಿಗೆ ನಾನು ಹೇಳುವ ಮೊದಲ ಮಾತೂ ಇದೇ, ಕೊನೆಯ ಮಾತೂ ಇದೇ. ನಡುವೆ ಹೇಳಲಿಕ್ಕೆ ಇನ್ನೂ ಬಹಳ ಇದೆ.

ನಾವಿರುವುದು ನ್ಯೂಜೆರ್ಸಿಯ ನಡುಭಾಗದಲ್ಲಿ. ಇಲ್ಲಿ ನವೆಂಬರ್‌ನಲ್ಲಿ ಮೇಪಲ್ ಎಲೆ ಉದುರಿ ಮುಗಿದರೆ ಏಪ್ರಿಲ್‌ವರೆಗೆ ಅಂಗಳದಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಹೈಡ್ರೇಂಜಿಯಾ ಬರೀ ಒಣಕಡ್ಡಿ. ಹೋಸ್ಟಾ ಮಣ್ಣಿನೊಳಗೆ ಮಲಗಿರುತ್ತದೆ. ಹುಲ್ಲು ಕೂಡ ಬಣ್ಣ ಬಿಟ್ಟಿರುತ್ತದೆ. ಮಲೆನಾಡಿನ ಕಡೆಯಿಂದ ಬಂದ ನನ್ನಂಥವರಿಗೆ ಮೊದಲ ವರ್ಷ ಚಳಿಗಿಂತ ಇದೇ ಜಾಸ್ತಿ ಕಷ್ಟ ಆಗುತ್ತದೆ. ಬೇಸಿಗೆಯಲ್ಲೂ ಎಲ್ಲೋ ಒಂದು ಕಡೆ ಹಸಿರು ಕಾಣುವ ಊರಲ್ಲಿ ಬೆಳೆದು, ತಿಂಗಳುಗಟ್ಟಲೆ ಕಂದು ಬಣ್ಣವನ್ನೇ ನೋಡುವುದು ಸುಲಭ ಅಲ್ಲ. ಅಂಥ ಅಂಗಳದಲ್ಲಿ ಡಿಸೆಂಬರ್‌ನ ಮಧ್ಯಾಹ್ನ ಸ್ವಲ್ಪ ಬಿಸಿಲು ಬಿದ್ದು, ಹಿನೋಕಿ ಅನ್ನುವ ಒಂದು ಕಾನಿಫರ್ ಗಿಡ ಕಡುಹಸಿರಾಗಿ ನಿಂತಿದ್ದನ್ನು ನೋಡಿದರೆ ಈ ಗಿಡಗಳ ಮೇಲೆ ನನಗೆ ಯಾಕೆ ಇಷ್ಟು ಪ್ರೀತಿ ಅಂತ ಗೊತ್ತಾಗುತ್ತದೆ.

ಹಸಿರು ಅಂತ ಒಂದೇ ಮಾತಿನಲ್ಲಿ ಹೇಳಿದರೆ ಸಾಲದು. 'ಬ್ಲೂ ಸ್ಟಾರ್' ಜೂನಿಪರ್ ಹೆಸರಿಗೆ ತಕ್ಕ ಹಾಗೆ ನೀಲಿ, ಬೆಳ್ಳಿ ಕಲಸಿದ ನೀಲಿ. ಕೆಲವು ಮ್ಯೂಗೋ ಪೈನ್ ತಳಿಗಳು ಬೇಸಿಗೆಯಲ್ಲಿ ಸಾಮಾನ್ಯ ಹಸಿರು, ಚಳಿ ಜೋರಾದ ಹಾಗೆ ಹೊಂಬಣ್ಣಕ್ಕೆ ತಿರುಗುತ್ತವೆ. ರಷ್ಯಾದ ಪೂರ್ವ ತುದಿಯ ಬೆಟ್ಟಗಳಿಂದ ಬಂದ ಮೈಕ್ರೋಬಯೋಟಾ ಅಂತ ನೆಲಕ್ಕೆ ಹರಡುವ ಒಂದು ಗಿಡ ಇದೆ. ಅದು ಚಳಿಗಾಲದಲ್ಲಿ ನೇರಳೆ ಮಿಶ್ರಿತ ಕಂದು ಆಗುತ್ತದೆ. ಮೊದಲ ಸಲ ನೋಡಿದವರು ಸತ್ತೇ ಹೋಯಿತು ಅಂತ ಕಿತ್ತು ಬಿಸಾಡುವುದೂ ಉಂಟು. ದಯವಿಟ್ಟು ಕೀಳಬೇಡಿ. ವಸಂತದಲ್ಲಿ ಮತ್ತೆ ಹಸಿರಾಗುತ್ತದೆ.

ಈಗ ಅಳತೆಯ ವಿಷಯ. ಅಮೆರಿಕನ್ ಕಾನಿಫರ್ ಸೊಸೈಟಿಯವರು ಇವುಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ಗುಂಪು ಮಾಡಿರುವುದು ಎತ್ತರ ನೋಡಿ ಅಲ್ಲ, ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಅಂತ ನೋಡಿ. ವರ್ಷಕ್ಕೆ 1 ಇಂಚಿಗಿಂತ ಕಡಿಮೆ ಬೆಳೆದರೆ ಮಿನಿಯೇಚರ್. 1ರಿಂದ 6 ಇಂಚು ಬೆಳೆದರೆ ಡ್ವಾರ್ಫ್, ಅಂದರೆ ನಮ್ಮ ಗಿಡ್ಡ ತಳಿ. 6ರಿಂದ 12 ಇಂಚು ಮಧ್ಯಮ. ಅದಕ್ಕಿಂತ ಜಾಸ್ತಿ ಆದರೆ ದೊಡ್ಡದು. ಗಿಡ್ಡ ಅನ್ನುವ ಒಂದೇ ಗುಂಪಿನಲ್ಲಿ ಎಷ್ಟು ಅಂತರ ಇದೆ ನೋಡಿ. ವರ್ಷಕ್ಕೆ 1 ಇಂಚಿನದ್ದು 10 ವರ್ಷಕ್ಕೆ ಮೊಣಕಾಲಿನಷ್ಟೂ ಬರುವುದಿಲ್ಲ. 6 ಇಂಚಿನದ್ದು ಅಷ್ಟರಲ್ಲಿ ಆಳೆತ್ತರ ಆಗಿರುತ್ತದೆ. ಎರಡನ್ನೂ ನರ್ಸರಿಯಲ್ಲಿ ಒಂದೇ ಬೆಂಚಿನ ಮೇಲೆ, ಒಂದೇ ಅಳತೆಯ ಕುಂಡದಲ್ಲಿ, ಡ್ವಾರ್ಫ್ ಅಂತ ಒಂದೇ ಬೋರ್ಡಿನ ಕೆಳಗೆ ಇಟ್ಟಿರುತ್ತಾರೆ. ಆದ್ದರಿಂದ ಬೋರ್ಡು ನಂಬಬೇಡಿ, ಚೀಟಿಯಲ್ಲಿ ತಳಿಯ ಹೆಸರು ನೋಡಿ. ತಳಿಯ ಹೆಸರೇ ಇಲ್ಲದ, ಸುಮ್ನೆ 'ಎವರ್‌ಗ್ರೀನ್' ಅಂತ ಬರೆದ ಗಿಡವನ್ನು ನಾನಂತೂ ಮುಟ್ಟುವುದಿಲ್ಲ.

ಇವುಗಳ ಬೆಲೆ ನೋಡಿ ಹೊಸಬರು ಹಿಂದೆ ಸರಿಯುತ್ತಾರೆ. ಇಷ್ಟುದ್ದದ ಗಿಡಕ್ಕೆ ಇಷ್ಟು ಡಾಲರಾ ಅಂತ. ಪಕ್ಕದಲ್ಲಿ ಅದರ ನಾಲ್ಕು ಪಟ್ಟು ದೊಡ್ಡ ಗಿಡ ಅರ್ಧ ಬೆಲೆಗೆ ಸಿಗುತ್ತಿರುತ್ತದೆ. ಆದರೆ ಆ ಪುಟ್ಟ ಗಿಡವನ್ನು ನರ್ಸರಿಯವರು ಕಸಿ ಕಟ್ಟಿ, ವರ್ಷಗಟ್ಟಲೆ ನೀರು ಹಾಕಿ, ಚಳಿಯಲ್ಲಿ ಕಾಪಾಡಿ ಆ ಮಟ್ಟಕ್ಕೆ ತಂದಿರುತ್ತಾರೆ. ನಾವು ಕೊಡುವ ದುಡ್ಡು ಗಿಡದ ಗಾತ್ರಕ್ಕಲ್ಲ, ಆ ವರ್ಷಗಳಿಗೆ. ಹಾಗಂತ ದೊಡ್ಡದನ್ನೇ ಕೊಳ್ಳಬೇಕಾಗಿಲ್ಲ. ಚಿಕ್ಕ ಕುಂಡದ್ದು ಹೊಸ ಮಣ್ಣಿಗೆ ಬೇಗ ಒಗ್ಗುತ್ತದೆ.

ಈ ಗಿಡ್ಡ ತಳಿಗಳು ಹುಟ್ಟುವ ಬಗೆ ನನಗೆ ಇವತ್ತಿಗೂ ಬೆರಗು. ಕಾಡಿನಲ್ಲಿ 60-70 ಅಡಿ ಎತ್ತರದ ಸ್ಪ್ರೂಸ್ ಮರದ ಮೇಲೆ, ಎಲ್ಲೋ ಒಂದು ಕೊಂಬೆಯಲ್ಲಿ, ಹಕ್ಕಿ ಗೂಡು ಕಟ್ಟಿದ ಹಾಗೆ ಒತ್ತೊತ್ತಾಗಿ ರೆಂಬೆಗಳ ಒಂದು ಮುದ್ದೆ ಬೆಳೆದಿರುತ್ತದೆ. ಇಂಗ್ಲಿಷಿನವರು ಅದಕ್ಕೆ ಮಾಟಗಾತಿಯ ಪೊರಕೆ ಅನ್ನುತ್ತಾರೆ. ಕೆಲವು ಸಲ ಶಿಲೀಂಧ್ರದಿಂದಲೋ ನುಸಿಯಿಂದಲೋ ಬದನಿಕೆಯಂಥ ಪರಾವಲಂಬಿ ಗಿಡದಿಂದಲೋ ಹಾಗಾಗುತ್ತದೆ. ಅವು ಉಪಯೋಗಕ್ಕೆ ಬರುವುದಿಲ್ಲ. ಇನ್ನು ಕೆಲವು ಸಲ ಒಂದೇ ಒಂದು ಮೊಗ್ಗಿನಲ್ಲಿ ಜೀನ್ ಬದಲಾಗಿ, ಆ ಮೊಗ್ಗಿನಿಂದ ಬಂದ ಕೊಂಬೆಯೆಲ್ಲ ನಿಧಾನವಾಗಿ ಬೆಳೆಯುತ್ತದೆ. ಗಿಡದ ಹುಚ್ಚು ಹಿಡಿದವರು ಇಂಥ ಮುದ್ದೆ ಹುಡುಕಿಕೊಂಡು ಹೆದ್ದಾರಿ ಬದಿ, ಬೆಟ್ಟದ ಮೇಲೆ ಅಲೆಯುತ್ತಾರೆ. ಮರ ಹತ್ತುತ್ತಾರೆ. ಹತ್ತಲಾಗದಷ್ಟು ಎತ್ತರದಲ್ಲಿದ್ದರೆ ಬಂದೂಕಿನಿಂದ ಹೊಡೆದು ಬೀಳಿಸುವವರೂ ಇದ್ದಾರೆ. ಬಿದ್ದ ರೆಂಬೆಯನ್ನು ತಂಪಾಗಿಟ್ಟು ತಂದು ಕಸಿ ಕಟ್ಟುತ್ತಾರೆ. ನಮ್ಮ 'ಬ್ಲೂ ಸ್ಟಾರ್' ಜೂನಿಪರ್ ಹುಟ್ಟಿದ್ದೂ ಹೀಗೇ. ನೆದರ್‌ಲ್ಯಾಂಡ್ಸ್‌ನಲ್ಲಿ 'ಮೇಯೆರಿ' ಅನ್ನುವ ದೊಡ್ಡ ಜೂನಿಪರ್ ಮೇಲೆ ಬಂದ ಇಂಥದ್ದೊಂದು ಮುದ್ದೆ ಅದು. ಆ ಜೂನಿಪರ್ ಜಾತಿಯ ಮೂಲ ಮಾತ್ರ ಹಿಮಾಲಯ ಮತ್ತು ಚೀನಾದ ಬೆಟ್ಟಗಳು. ನಮ್ಮ ಹಿಮಾಲಯದಲ್ಲೂ ಬೆಳೆಯುವ ಜಾತಿಯ ಗಿಡ ಯುರೋಪಿನಲ್ಲಿ ಗಿಡ್ಡವಾಗಿ ನ್ಯೂಜೆರ್ಸಿಯ ನಮ್ಮ ಅಂಗಳಕ್ಕೆ ಬಂದಿದೆ.

ಇಲ್ಲಿ ಪ್ರತಿ ಬೀದಿಯಲ್ಲೂ ಮನೆ ಬಾಗಿಲ ಎರಡೂ ಪಕ್ಕ ಕಾಣುವ, ಅಚ್ಚುಕಟ್ಟಾದ ಶಂಕುವಿನ ಆಕಾರದ ಡ್ವಾರ್ಫ್ ಆಲ್ಬರ್ಟಾ ಸ್ಪ್ರೂಸ್‌ಗೂ ಒಂದು ಕಥೆ ಇದೆ. 1904ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಆರ್ಬೊರೇಟಮ್ ಅನ್ನುವ ಮರಗಿಡಗಳ ತೋಟದ ಆಲ್ಫ್ರೆಡ್ ರೇಡರ್ ಮತ್ತು ಜೆ. ಜಿ. ಜ್ಯಾಕ್ ಕೆನಡಾದ ಆಲ್ಬರ್ಟಾದಲ್ಲಿ, ಲಾಗನ್ (ಈಗಿನ ಲೇಕ್ ಲೂಯಿಸ್) ಹತ್ತಿರ ಇದನ್ನು ಕಂಡರು. ರೈಲಿಗೆ ಕಾಯುತ್ತಾ ಅಡ್ಡಾಡುವಾಗ ಕಣ್ಣಿಗೆ ಬಿತ್ತು ಅಂತ ಹೇಳುತ್ತಾರೆ. ವೈಟ್ ಸ್ಪ್ರೂಸ್ ಅನ್ನುವ ದೊಡ್ಡ ಕಾಡುಮರದ ಗಿಡ್ಡ ರೂಪ ಅದು. ಬೀಜದಿಂದ ಇದರ ಗುಣ ಬರುವುದಿಲ್ಲ, ಕಡ್ಡಿಯಿಂದಲೇ ಮಾಡಬೇಕು. ಹಾಗಾಗಿ ಇವತ್ತು ಡಿಸೆಂಬರ್‌ನಲ್ಲಿ ಅಂಗಡಿ ಮುಂದೆ ಕೆಂಪು ರಿಬ್ಬನ್ ಕಟ್ಟಿ ಮಾರುವ ಅಷ್ಟೂ ಗಿಡಗಳ ಮೂಲ ಆ ಜಾಗದಲ್ಲೇ ಇದೆ.

ನಾವು ಮನೆ ಕೊಂಡಾಗ ಮೊದಲಿದ್ದವರು ಬಾಗಿಲ ಪಕ್ಕ ಇಂಥದ್ದೇ ಒಂದು ಜೋಡಿ ನೆಟ್ಟಿದ್ದರು. ಗೋಡೆಯಿಂದ ಬರೀ ಒಂದೂವರೆ ಅಡಿ ದೂರಕ್ಕೆ. ಎಡಗಡೆಯ ಗಿಡದಲ್ಲಿ ನಾನು ಮೊದಲ ಸಲ ಒಂದು ವಿಚಿತ್ರ ನೋಡಿದೆ. ಗಿಡದ ಮೈಯೆಲ್ಲ ನವಿರಾದ ಸೂಜಿ ಎಲೆ, ಅರ್ಧ ಇಂಚು ಉದ್ದ, ಕೈಯಾಡಿಸಿದರೆ ಮೆತ್ತಗೆ, ಎಲೆಗೂ ಎಲೆಗೂ ಜಾಗವೇ ಇಲ್ಲದಷ್ಟು ಒತ್ತು. ಆದರೆ ನೆತ್ತಿಯ ಹತ್ತಿರ, ಒಂದು ಪಕ್ಕದಿಂದ, ಒರಟಾದ ಒಂದು ರೆಂಬೆ ಹೊರಟಿತ್ತು. ಅದರ ಎಲೆ ದಪ್ಪ, ಸ್ವಲ್ಪ ನೀಲಿ ಛಾಯೆ, ಮುಟ್ಟಿದರೆ ಚುಚ್ಚುತ್ತಿತ್ತು. ಎಲೆಗಳ ನಡುವೆ ಕಂದು ಕಡ್ಡಿ ಕಾಣುತ್ತಿತ್ತು. ಉಳಿದ ಗಿಡ ಒಂದು ವರ್ಷದಲ್ಲಿ 3 ಇಂಚು ಬೆಳೆದಿದ್ದರೆ ಅದೊಂದು ಮಾತ್ರ 1 ಅಡಿಗಿಂತ ಜಾಸ್ತಿ ಚಾಚಿತ್ತು. ಗಿಡದೊಳಗಿನ ಕಾಡುಮರ ಎದ್ದು ಬಂದಿತ್ತು. ಆ ರೆಂಬೆಯನ್ನು ಹಾಗೇ ಬಿಟ್ಟರೆ ಕೆಲವೇ ವರ್ಷದಲ್ಲಿ ಗಿಡದ ನೀರು, ಬಿಸಿಲು ಎಲ್ಲ ಅದೇ ಎಳೆದುಕೊಂಡು, ಶಂಕುವಿನ ಹೆಗಲ ಮೇಲೆ ಪೂರ್ತಿ ಒಂದು ಸ್ಪ್ರೂಸ್ ಮರ ನಿಲ್ಲುತ್ತದೆ. ನಮ್ಮ ಪಕ್ಕದ ಬೀದಿಯಲ್ಲಿ ಅಂಥದ್ದೊಂದು ಇದೆ. ಕೆಳಗೆ ಗಿಡ್ಡ ಗಿಡ, ಮೇಲೆ ಎರಡು ಮಹಡಿಯಷ್ಟು ಮರ, ಬುಡ ಎರಡಕ್ಕೂ ಒಂದೇ. ಕಂಡ ತಕ್ಷಣ ಆ ಒರಟು ರೆಂಬೆಯನ್ನು ಅದು ಹುಟ್ಟಿದ ಜಾಗಕ್ಕೇ ಹೋಗಿ ಕತ್ತರಿಸಬೇಕು. ತುದಿ ಚಿವುಟಿದರೆ ಸಾಲದು.

ಕತ್ತರಿ ಅಂದ ಮೇಲೆ ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದರೆ ನಮ್ಮ ಕಡೆಯವರ ಕೈಯಲ್ಲಿ ಈ ಗಿಡಗಳು ಹಾಳಾಗುವುದು ಜಾಸ್ತಿ ಇಲ್ಲೇ. ಊರಿನ ತೋಟದಲ್ಲಿ ನಾವು ಕಲಿತ ಕೆಲಸ ಬೇರೆ. ದಾಸವಾಳ ಜಾಸ್ತಿ ಬೆಳೆಯಿತಾ, ಮೊಣಕಾಲಿನ ಮಟ್ಟಕ್ಕೆ ಕಡಿ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಕ್ರೋಟನ್, ನಂದಿಬಟ್ಟಲು, ಬೇಲಿ ಗಿಡ ಎಲ್ಲವೂ ಹಾಗೇ. ಕಡಿದ ಕಡ್ಡಿಯನ್ನು ಮಣ್ಣಿಗೆ ಚುಚ್ಚಿದರೆ ಅದೂ ಬರುತ್ತದೆ. ಅಲ್ಲಿ ಕತ್ತಿ ಹಿಡಿದವನಿಗೆ ಹೆದರಿಕೆ ಇಲ್ಲ, ಏನು ಮಾಡಿದರೂ ಮಣ್ಣು ಸರಿ ಮಾಡುತ್ತದೆ. ಕಾನಿಫರ್ ಹಾಗಲ್ಲ. ಒಂದು ಜೂನಿಪರ್ ಅಥವಾ ಸ್ಪ್ರೂಸ್ ಗಿಡದ ಹೊರ ರೆಂಬೆಗಳನ್ನು ಸರಿಸಿ ಒಳಗೆ ನೋಡಿ. ಹೊರಗಿನ ನಾಲ್ಕಾರು ಇಂಚು ಮಾತ್ರ ಹಸಿರು. ಅದರ ಹಿಂದೆ ಬರೀ ಕಂದು ಕಡ್ಡಿ, ಒಣ ಎಲೆ, ಕತ್ತಲು. ಆ ಹಳೆ ಕಡ್ಡಿಯಲ್ಲಿ ಮೊಗ್ಗು ಇಲ್ಲ. ಹಸಿರು ಇರುವಲ್ಲಿವರೆಗೆ ಕತ್ತರಿಸಿದರೆ ಚಿಗುರುತ್ತದೆ. ಅದನ್ನು ದಾಟಿ ಕಂದು ಭಾಗಕ್ಕೆ ಕತ್ತರಿ ಹೋಯಿತೋ, ಆ ಜಾಗ ಮತ್ತೆ ತುಂಬುವುದಿಲ್ಲ. ಗಿಡ ಇರುವವರೆಗೂ ಆ ತೂತು ಇರುತ್ತದೆ. ಯೂ ಅನ್ನುವ ಕಾನಿಫರ್ ಒಂದು ಇದಕ್ಕೆ ಹೊರತು, ಹಳೆ ಕಡ್ಡಿಯಿಂದಲೂ ಚಿಗುರುತ್ತದೆ. (ಆದರೆ ಯೂ ಗಿಡದ ಎಲೆ, ಬೀಜ ಎರಡೂ ವಿಷ. ಪುಟ್ಟ ಮಕ್ಕಳಿರುವ ಮನೆಯವರು ಅದರ ಕೆಂಪು ಹಣ್ಣಿನ ಬಗ್ಗೆ ಜೋಪಾನವಾಗಿರಿ.)

ಇದರಿಂದ ಏನಾಗುತ್ತದೆ ಅಂದರೆ, ತಪ್ಪಾದ ಜಾಗದಲ್ಲಿ ನೆಟ್ಟ ಕಾನಿಫರನ್ನು ಕತ್ತರಿಯಿಂದ ಸರಿ ಮಾಡಲಾಗುವುದಿಲ್ಲ. ಬಾಗಿಲ ದಾರಿಗೆ ಅಡ್ಡ ಬಂದ ಜೂನಿಪರನ್ನು ಒಂದು ಪಕ್ಕ ಕತ್ತರಿಸಿದರೆ ಆ ಪಕ್ಕ ಜೀವಮಾನವಿಡೀ ಬೋಳು. ಈ ಏರಿಯಾದಲ್ಲಿ ಅಂಥ ಗಿಡಗಳು ಬೇಕಾದಷ್ಟಿವೆ. ಲಾನ್ ಕೊಯ್ಯುವವರು ಮೋಟಾರ್ ಕತ್ತರಿ ಹಿಡಿದು ಬೀದಿಯ ಅಷ್ಟೂ ಗಿಡಗಳನ್ನು ಒಂದೇ ಸಮ ಚೆಂಡು, ಡಬ್ಬ ಮಾಡಿ ಹೋಗಿರುತ್ತಾರೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನಿಧಾನಕ್ಕೆ ತಾನೇ ಒಂದು ಆಕಾರಕ್ಕೆ ಬರುವ ಗಿಡವನ್ನು ದುಡ್ಡು ಕೊಟ್ಟು ತಂದು, ಅದರ ಆಕಾರವನ್ನು ದುಡ್ಡು ಕೊಟ್ಟೇ ಅಳಿಸುವುದು. ಜಾಗ ಸರಿಯಾಗಿದ್ದರೆ ಇವಕ್ಕೆ ಕತ್ತರಿಯೇ ಬೇಡ. ಮ್ಯೂಗೋ ಪೈನ್ ಒಂದಕ್ಕೆ ಮಾತ್ರ ನಾನು ವಸಂತದಲ್ಲಿ ಕೈ ಹಾಕುತ್ತೇನೆ. ಮೇ ತಿಂಗಳಲ್ಲಿ ಅದರ ಪ್ರತಿ ರೆಂಬೆಯ ತುದಿಯಲ್ಲಿ ಮೇಣದ ಬತ್ತಿಯಂತೆ ನೆಟ್ಟಗೆ ಹೊಸ ಚಿಗುರು ಏಳುತ್ತದೆ, ಎಲೆ ಇನ್ನೂ ಬಿಚ್ಚಿರುವುದಿಲ್ಲ. ಆಗ ಬೆರಳಿನಲ್ಲೇ ಅರ್ಧಕ್ಕೆ ಮುರಿಯಬೇಕು. ಲಟ್ ಅಂತ ಮುರಿಯುತ್ತದೆ, ಕೈಗೆ ಅಂಟು ಅಂಟು ರಾಳ, ವಾಸನೆ ಸಂಜೆವರೆಗೂ ಹೋಗುವುದಿಲ್ಲ. ಹೀಗೆ ಮಾಡಿದರೆ ಆ ವರ್ಷದ ಬೆಳವಣಿಗೆ ಅರ್ಧ ಆಗುತ್ತದೆ, ಗಿಡ ಒತ್ತಾಗುತ್ತದೆ. ಎಲೆ ಬಿಚ್ಚಿ ಕಡ್ಡಿ ಗಟ್ಟಿಯಾದ ಮೇಲೆ ಮಾಡಿ ಪ್ರಯೋಜನ ಇಲ್ಲ.

ಗಿಡ್ಡ ತಳಿಗಳು ವಯಸ್ಸಾದ ಮೇಲೆ ಹೇಗಿರುತ್ತವೆ ಅಂತ ಕಣ್ಣಾರೆ ನೋಡಬೇಕಾದರೆ ವಾಷಿಂಗ್ಟನ್ನಿಗೆ ಹೋಗಬೇಕು. ಅಲ್ಲಿನ ನ್ಯಾಷನಲ್ ಆರ್ಬೊರೇಟಮ್‌ನಲ್ಲಿ ಗೊಟೆಲ್ಲಿ ಸಂಗ್ರಹ ಅಂತ ಇದೆ. ವಿಲಿಯಂ ಗೊಟೆಲ್ಲಿ ನಮ್ಮ ನ್ಯೂಜೆರ್ಸಿಯವರೇ, ಸೌತ್ ಆರೆಂಜ್ ಊರಿನವರು. ತಾವು ಕೂಡಿಸಿದ ಸುಮಾರು 1,500 ಗಿಡ್ಡ ಮತ್ತು ನಿಧಾನಗತಿಯ ಕಾನಿಫರ್‌ಗಳನ್ನು 1962ರಲ್ಲಿ ದೇಶಕ್ಕೆ ಕೊಟ್ಟುಬಿಟ್ಟರು. ಒಬ್ಬ ಮನುಷ್ಯ ತನ್ನ ಮನೆಯಂಗಳದಲ್ಲಿ ಬೆಳೆಸಿದ್ದು ಅದು. ಈಗ ಅಲ್ಲಿ ಹೋಗಿ ನಿಂತರೆ, ಗಿಡ್ಡ ಅಂತ ಫಲಕ ಹಾಕಿದ ಎಷ್ಟೋ ಗಿಡಗಳನ್ನು ತಲೆ ಎತ್ತಿ ನೋಡಬೇಕಾಗುತ್ತದೆ. ಕೆಲವು ಇನ್ನೂ ಸೊಂಟದ ಮಟ್ಟಕ್ಕೇ ಇವೆ, ಅವೂ ಅಗಲಕ್ಕೆ ಹರಡಿಕೊಂಡಿವೆ. ಯಾವುದಕ್ಕೂ ಕತ್ತರಿ ತಾಗಿದ ಹಾಗೆ ಕಾಣುವುದಿಲ್ಲ, ಜಾಗ ಇದೆ, ಬೆಳೆದಿವೆ. ಒಳಗೆ ಹೋಗಲು ಟಿಕೆಟ್ ಇಲ್ಲ. ಊರಿಂದ ಬಂದವರನ್ನು ಕರೆದುಕೊಂಡು ವೈಟ್ ಹೌಸ್, ಮ್ಯೂಸಿಯಂ ಅಂತ ಎಲ್ಲರೂ ಹೋಗುತ್ತಾರಲ್ಲ, ಅದೇ ಪ್ರವಾಸದಲ್ಲಿ ಅರ್ಧ ದಿನ ಇಲ್ಲಿಗೂ ಇಡಿ. ಗಿಡ ಕೊಳ್ಳುವ ಮೊದಲು ನೋಡಿದರೆ ಇನ್ನೂ ಒಳ್ಳೆಯದು. ಗೋಡೆಯಿಂದ ಎಷ್ಟು ದೂರ ನೆಡಬೇಕು ಅನ್ನುವುದು ಅಲ್ಲಿ ತಾನಾಗಿ ತಿಳಿಯುತ್ತದೆ.

ನೆಡುವ ಕೆಲಸಕ್ಕೆ ಬರೋಣ. ನಾನು ನೆಡುವುದು ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ. ಬಿಸಿಲು ಇಳಿದಿರುತ್ತದೆ, ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಬೇರು ಬಿಡಲು ಗಿಡಕ್ಕೆ ಟೈಮ್ ಸಿಗುತ್ತದೆ. ಕುಂಡದಿಂದ ತೆಗೆದರೆ ಬೇರುಗಳು ಕುಂಡದ ಒಳಮೈಗೆ ಸುತ್ತು ಸುತ್ತಾಗಿ ಬೆಳೆದಿರುತ್ತವೆ. ಅದನ್ನು ಹಾಗೇ ಗುಂಡಿಗೆ ಇಳಿಸಿದರೆ ಬೇರು ಅದೇ ಸುತ್ತಿನಲ್ಲಿ ದಪ್ಪಗಾಗುತ್ತಾ ಹೋಗಿ, ವರ್ಷಗಳ ಮೇಲೆ ಬುಡವನ್ನೇ ಬಿಗಿಯುತ್ತದೆ. ನಿಧಾನವಾಗಿ ಬೆಳೆಯುವ ಗಿಡ ಅಲ್ವಾ, ಸಾಯುವುದೂ ನಿಧಾನ, ಕಾರಣ ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. ಹೊರಗಿನ ಸುತ್ತಿದ ಬೇರನ್ನು ಕೈಯಿಂದ ಬಿಡಿಸಬೇಕು, ಬರದಿದ್ದರೆ ಕತ್ತರಿಸಬೇಕು. ಮೇಲಿನ ಮಣ್ಣು ಕೆರೆದು ನೋಡಿ, ಕಾಂಡ ಅಗಲವಾಗಿ ಬೇರುಗಳು ಶುರುವಾಗುವ ಜಾಗ ಎಲ್ಲಿದೆ ಅಂತ. ನರ್ಸರಿ ಕುಂಡದಲ್ಲಿ ಅದು ಎಷ್ಟೋ ಸಲ ಎರಡು ಮೂರು ಇಂಚು ಮಣ್ಣಿನ ಕೆಳಗೆ ಹೂತಿರುತ್ತದೆ. ನೆಟ್ಟ ಮೇಲೆ ಆ ಜಾಗ ನೆಲದ ಮೇಲೆ ಕಾಣಬೇಕು. ಗೋಣಿಬಟ್ಟೆ, ತಂತಿ ಬುಟ್ಟಿಯಲ್ಲಿ ಬಂದ ದೊಡ್ಡ ಗಿಡವಾದರೆ ಕಾಂಡಕ್ಕೆ ಕಟ್ಟಿದ ಹಗ್ಗವನ್ನು ಮರೆಯದೆ ಕತ್ತರಿಸಿ.

ನಮ್ಮ ಕಡೆ ಮಣ್ಣು ಕೆಂಪು, ಜೇಡಿ, ಕೆಳಗೆ ಹಾಳೆ ಹಾಳೆಯಾಗಿ ಒಡೆಯುವ ಕೆಂಪು ಕಲ್ಲು. ಮಳೆ ಬಂದರೆ ನೀರು ನಿಲ್ಲುತ್ತದೆ. ಜೂನಿಪರ್‌ಗೆ ನಿಂತ ನೀರು ಆಗುವುದೇ ಇಲ್ಲ, ಯೂ ಗಿಡಕ್ಕಂತೂ ಇನ್ನೂ ಆಗುವುದಿಲ್ಲ. ಅದಕ್ಕೆ ಗುಂಡಿಯನ್ನು ಅಗಲವಾಗಿ ತೆಗೆದು, ಆಳ ಕಡಿಮೆ ಇಟ್ಟು, ಗಿಡವನ್ನು ಸುತ್ತಲಿನ ನೆಲಕ್ಕಿಂತ ಒಂದೆರಡು ಇಂಚು ಎತ್ತರಕ್ಕೆ ಕೂರಿಸುತ್ತೇನೆ. ತೆಗೆದ ಮಣ್ಣನ್ನೇ ಮುಚ್ಚುತ್ತೇನೆ. ಗೊಬ್ಬರ ಹಾಕುವುದಿಲ್ಲ. ಸಗಣಿ ಗೊಬ್ಬರ ಒಂದು ಮಂಕರಿ ಹಾಕದೆ ಗಿಡ ನೆಡುವುದು ನಮ್ಮ ಕೈಗೆ ಒಗ್ಗುವುದಿಲ್ಲ, ಗೊತ್ತು. ಆದರೆ ಇವು ಬಡ ಮಣ್ಣಿನ, ಬೆಟ್ಟದ ಗಿಡಗಳು. ಜಾಸ್ತಿ ಗೊಬ್ಬರ ಕೊಟ್ಟರೆ ಉದ್ದುದ್ದ ಸಡಿಲವಾಗಿ ಬೆಳೆದು ತಮ್ಮ ಅಂದವನ್ನೇ ಕಳೆದುಕೊಳ್ಳುತ್ತವೆ. ಬುಡದ ಸುತ್ತ ಎರಡು ಮೂರು ಇಂಚು ತೊಗಟೆ ಚೂರಿನ ಹೊದಿಕೆ ಸಾಕು, ಕಾಂಡಕ್ಕೆ ತಾಗಬಾರದು.

ಚಳಿಗಾಲದಲ್ಲಿ ಇವನ್ನು ಕೊಲ್ಲುವುದು ಚಳಿ ಅಲ್ಲ, ಬಾಯಾರಿಕೆ. ಜನವರಿಯಲ್ಲಿ ನೆಲ ಹೆಪ್ಪುಗಟ್ಟಿದಾಗ ಬೇರಿಗೆ ನೀರು ಸಿಗುವುದಿಲ್ಲ. ಅದೇ ಹೊತ್ತಿಗೆ ಮೇಲೆ ಬಿಸಿಲು, ಒಣಗಾಳಿ ಎಲೆಯಿಂದ ನೀರು ಎಳೆಯುತ್ತಿರುತ್ತದೆ. ಎಲೆ ಉದುರಿಸಿಕೊಂಡ ಮರಗಳಿಗೆ ಈ ತಾಪತ್ರಯ ಇಲ್ಲ, ವರ್ಷವಿಡೀ ಹಸಿರಾಗಿರುವವಕ್ಕೆ ಇದೆ. ಮಾರ್ಚ್‌ನಲ್ಲಿ ನೋಡಿದರೆ ಗಿಡದ ದಕ್ಷಿಣ, ನೈಋತ್ಯ ಭಾಗ ಸುಟ್ಟ ಹಾಗೆ ಕಂದಾಗಿರುತ್ತದೆ. ಆಲ್ಬರ್ಟಾ ಸ್ಪ್ರೂಸ್‌ನಲ್ಲಿ ಇದು ಜಾಸ್ತಿ. ಮದ್ದು ಸುಲಭ. ನೆಟ್ಟ ಮೊದಲೆರಡು ವರ್ಷ, ನೆಲ ಹೆಪ್ಪುಗಟ್ಟುವವರೆಗೂ, ಅಂದರೆ ನವೆಂಬರ್ ಕೊನೆವರೆಗೂ ಆಗಾಗ ಆಳಕ್ಕೆ ಇಳಿಯುವ ಹಾಗೆ ನೀರು ಹಾಕಬೇಕು. ಎಲ್ಲರೂ ಅಕ್ಟೋಬರ್‌ನಲ್ಲೇ ಪೈಪ್ ಸುತ್ತಿ ಗರಾಜಿಗೆ ಹಾಕಿಬಿಡುತ್ತಾರೆ. ಗಾಳಿ ಬೀಸುವ ಕಡೆ ಗೋಣಿಬಟ್ಟೆಯ ಮರೆ ಕಟ್ಟಬಹುದು. ಹಿನೋಕಿಯಂಥ ನಾಜೂಕಿನ ಗಿಡವನ್ನು ಮೊದಲೇ ಗಾಳಿ ಮರೆಯಲ್ಲಿ ನೆಟ್ಟರೆ ಈ ಕೆಲಸವೂ ಉಳಿಯುತ್ತದೆ.

ಕಂದು ಬಣ್ಣ ಕಂಡ ಕೂಡಲೇ ಹೆದರಬೇಡಿ. ಅಕ್ಟೋಬರ್‌ನಲ್ಲಿ ಗಿಡದ ಒಳಭಾಗದ ಹಳೆ ಎಲೆ ಹಳದಿಯಾಗಿ ಉದುರುವುದು ಸಹಜ. ಪ್ರತಿ ಎಲೆಗೂ ಕೆಲವು ವರ್ಷದ ಆಯುಸ್ಸು ಅಷ್ಟೇ. ತುದಿಯ ಹೊಸ ಎಲೆ ಬಣ್ಣ ಬಿಟ್ಟರೆ ಮಾತ್ರ ಯೋಚನೆ ಮಾಡಬೇಕು. ಸ್ಪ್ರೂಸ್ ಗಿಡ ವಸಂತದಲ್ಲಿ ಮಾಸಿದ ಹಾಗೆ, ಧೂಳು ಕೂತ ಹಾಗೆ ಕಂಡರೆ ಒಂದು ಬಿಳಿ ಹಾಳೆ ಹಿಡಿದು ರೆಂಬೆಯನ್ನು ಅದರ ಮೇಲೆ ತಟ್ಟಿ ನೋಡಿ. ಸಾಸಿವೆಗಿಂತ ಚಿಕ್ಕ ಚುಕ್ಕಿಗಳು ಹಾಳೆಯ ಮೇಲೆ ಹರಿದಾಡಿದರೆ ಅವು ನುಸಿ. ಈ ಜಾತಿಯ ನುಸಿಗೆ ಬಿರುಬೇಸಿಗೆ ಇಷ್ಟ ಇಲ್ಲ, ವಸಂತ ಮತ್ತು ಶರತ್ಕಾಲದ ತಂಪಿನಲ್ಲೇ ಹೆಚ್ಚುತ್ತದೆ. ಪೈಪಿನಿಂದ ಜೋರಾಗಿ, ಗಿಡದ ಒಳಗೂ ಹೋಗುವ ಹಾಗೆ ಕೆಲವು ಸಲ ನೀರು ಹೊಡೆದರೆ ಬಹಳಷ್ಟು ಹತೋಟಿಗೆ ಬರುತ್ತದೆ. ಇನ್ನು ಜಿಂಕೆ. ನ್ಯೂಜೆರ್ಸಿಯಲ್ಲಿ ಜಿಂಕೆ ಕಾಟ ಗೊತ್ತಿಲ್ಲದವರಿಲ್ಲ. ಆರ್ಬರ್‌ವಿಟೆ (ಅಂದರೆ ಥೂಜಾ) ಮತ್ತು ಯೂ ಎರಡನ್ನೂ ಅವು ಬೋಳಿಸುತ್ತವೆ. ಸ್ಪ್ರೂಸ್, ಜೂನಿಪರ್ ಸಾಮಾನ್ಯವಾಗಿ ಬಿಡುತ್ತವೆ. ಹೆಮ್‌ಲಾಕ್ ಅನ್ನುವ ಕಾನಿಫರ್‌ನ ಗಿಡ್ಡ ತಳಿಗಳು ನೋಡಲು ಎಲ್ಲಕ್ಕಿಂತ ಚಂದ, ಆದರೆ ಜಪಾನಿನಿಂದ ಬಂದ ಬಿಳಿ ಹತ್ತಿಯಂಥ ಹೇನು ಇಲ್ಲಿನ ಹೆಮ್‌ಲಾಕ್ ಮರಗಳನ್ನು ತಿಂದು ಹಾಕುತ್ತಿದೆ. ಹಾಗಾಗಿ ಅದನ್ನು ಯಾರಿಗೂ ಹೇಳುವ ಧೈರ್ಯ ನನಗಿಲ್ಲ.

ಊರಿನಲ್ಲಿರುವ ಅಕ್ಕ ತಂಗಿಯರು, ಗೆಳತಿಯರು ಫೋಟೋ ನೋಡಿ, ಇದು ಬೆಂಗಳೂರಿನಲ್ಲಿ ಬರುತ್ತಾ ಅಂತ ಕೇಳುತ್ತಾರೆ. ಸ್ಪ್ರೂಸ್, ಮ್ಯೂಗೋ ಬರುವುದಿಲ್ಲ. ಅವುಗಳ ಮೊಗ್ಗು ಬಿಚ್ಚಬೇಕಾದರೆ ಮೊದಲು ಕೆಲವು ವಾರ ಗಟ್ಟಿ ಚಳಿ ಸಿಗಬೇಕು. ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು. ಆದರೆ ಗೋಲ್ಡನ್ ಥೂಜಾ ಅಂತ ಲಾಲ್‌ಬಾಗಿನ ಸುತ್ತಲಿನ ನರ್ಸರಿಗಳಲ್ಲೂ ಸಿಗುತ್ತದಲ್ಲ, ಅದು ಚೆನ್ನಾಗಿ ಬರುತ್ತದೆ. ಶಾಲೆಯಲ್ಲಿ ವಿದ್ಯೆ ಬರುತ್ತೆ ಅಂತ ನಾವು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದ ಬೀಸಣಿಗೆಯಂಥ ಎಲೆ ಅದೇ ಗಿಡದ್ದು. ಅದೂ ಕಾನಿಫರೇ. ಚೀನೀ ಜೂನಿಪರ್ ಕೂಡ ಬರುತ್ತದೆ. ಕ್ರಿಸ್ಮಸ್ ಗಿಡ ಅಂತ ಕುಂಡದಲ್ಲಿ ಮಾರುವ ಅರಾಕೇರಿಯಾ ಬಗ್ಗೆ ಮಾತ್ರ ಹುಷಾರು. ಕುಂಡದಲ್ಲಿ ಮುದ್ದಾಗಿರುತ್ತದೆ. ಲಾಲ್‌ಬಾಗಿನಲ್ಲಿ ಮುಗಿಲಿಗೆ ನೆಟ್ಟಗೆ ನಿಂತಿರುವ ಮರಗಳನ್ನು ಒಮ್ಮೆ ನೋಡಿ ಬನ್ನಿ, ಆಮೇಲೆ ಅದನ್ನು ಥರ್ಟಿ ಫಾರ್ಟಿ ಸೈಟಿನ ಕಾಂಪೌಂಡ್ ಪಕ್ಕ ನೆಲಕ್ಕೆ ಇಳಿಸುವ ಯೋಚನೆ ಮಾಡಿ.

ಅಮ್ಮ ಊರಿಂದ ಬಂದಾಗೆಲ್ಲ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಂಗಳದಲ್ಲಿ ಒಂದು ಸುತ್ತು ಹಾಕುತ್ತಾಳೆ. ಹೋದ ಸಲ ಬಂದಾಗ ಹಿನೋಕಿ ಮುಂದೆ ನಿಂತು, "ಅಲ್ಲ ಕಣೇ, ಇದು ಆವಾಗಲೂ ಇಷ್ಟೇ ಇತ್ತಲ್ಲ, ನೀರು ಹಾಕ್ತೀಯೋ ಇಲ್ವೋ?" ಅಂದಳು. ನಾನು ರೆಂಬೆ ಎತ್ತಿ ತೋರಿಸಿದೆ. ಹಿನೋಕಿಯ ರೆಂಬೆ ಚಿಪ್ಪು ಚಿಪ್ಪಾಗಿ, ಒಂದರ ಮೇಲೊಂದು ಬಾಗಿ ಕೂತಿರುತ್ತದೆ. ಪ್ರತಿ ಚಿಪ್ಪಿನ ಅಂಚಿನಲ್ಲಿ ಆ ವರ್ಷದ ಎಳೆಹಸಿರು, ಒಂದು ಉಗುರಿನಷ್ಟು. ಒಳಗೆ ಹೋದ ವರ್ಷದ್ದು, ಸ್ವಲ್ಪ ಕಡುಹಸಿರು. ಅದರ ಒಳಗೆ ಅದಕ್ಕಿಂತ ಹಿಂದಿನದ್ದು. ಅಮ್ಮ ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ, "ಚಂದ ಉಂಟು. ಆದ್ರೆ ದೇವ್ರಿಗೆ ಒಂದು ಹೂವೂ ಬಿಡಲ್ವಲ್ಲೇ" ಅಂದಳು.

ಅವಳು ಹೇಳಿದ್ದು ನ್ಯಾಯವೇ. ಅದಕ್ಕೊಂದು ದಾರಿಯೂ ಇದೆ. ಬಾಗಿಲ ಪಕ್ಕದ ಆ ಹಳೆ ಆಲ್ಬರ್ಟಾ ಜೋಡಿ ಗೋಡೆಗೆ ಒರಗಿ ಒಂದು ಪಕ್ಕ ಬೋಳಾಗಿತ್ತು, ತೆಗೆಸಿದೆವು. ಆ ಜಾಗದಲ್ಲಿ ಈಗ ಒಂದು ಗಿಡ್ಡ ಹಿನೋಕಿ, ಎರಡು 'ಬ್ಲೂ ಸ್ಟಾರ್'. ಗೋಡೆಯಿಂದ 4 ಅಡಿ, ಒಂದರಿಂದ ಇನ್ನೊಂದು 4 ಅಡಿ. ನೋಡಿದವರಿಗೆ ಪಾತಿ ಖಾಲಿ ಹೊಡೆಯುತ್ತದೆ. ಇನ್ನೂ ಒಂದೆರಡು ತಂದು ತುಂಬಿಸಿ ಅಂತ ಎಲ್ಲರೂ ಹೇಳುತ್ತಾರೆ. ತುಂಬಿಸುವುದಿಲ್ಲ. ಆ ಖಾಲಿ ಜಾಗ ಗಿಡಗಳದ್ದು, ಮುಂದೆ ಅವಕ್ಕೇ ಬೇಕು. ಸದ್ಯಕ್ಕೆ ಅಲ್ಲಿ ಮೇ ತಿಂಗಳಲ್ಲಿ ಚೆಂಡುಹೂವಿನ ಸಸಿ ಹಾಕುತ್ತೇನೆ. ಅಮ್ಮ ಇದ್ದಷ್ಟು ದಿನ ದೇವರ ತಟ್ಟೆಗೆ ಕೊರತೆ ಇಲ್ಲ, ದಸರಾ ಹೊತ್ತಿಗೂ ಹೂವಿರುತ್ತದೆ, ಮಂಜು ಬಿದ್ದ ಮೇಲೆ ಕಿತ್ತು ಕಾಂಪೋಸ್ಟಿಗೆ ಹಾಕಿದರಾಯಿತು. ವರ್ಷ ಕಳೆದ ಹಾಗೆ ಸಸಿಗಳ ಸಂಖ್ಯೆ ಕಡಿಮೆ ಮಾಡುತ್ತಾ ಬರಬೇಕು. ಹೀಗೆ ಮಾಡುವವರು ಒಂದು ವಿಷಯ ನೆನಪಿಡಿ. ಆಗಸ್ಟ್ ಮಳೆಗೆ ಚೆಂಡುಹೂವಿನ ಗಿಡ ವಾಲಿ ಜೂನಿಪರ್ ಮೇಲೆ ಬೀಳುತ್ತದೆ. ಬಿಸಿಲು ಬೀಳದ ಕಡೆ ಜೂನಿಪರ್ ಎಲೆ ಸತ್ತರೆ ಆ ಭಾಗ ಮತ್ತೆ ಹಸಿರಾಗುವುದಿಲ್ಲ. ಆದ್ದರಿಂದ ಸಸಿಯನ್ನು ಒಂದೂವರೆ ಅಡಿ ದೂರ ಹಾಕಿ, ಎತ್ತರ ಬಂದ ಮೇಲೆ ಕೋಲು ಕೊಟ್ಟು ಕಟ್ಟಿ.